ನಿನ್ನ ಕೊರಳಲ್ಲಿ ಕಂಡ ಶಿವದಾರ

ಪುಣೆ
ಶನಿವಾರ, ಮಧ್ಯಾಹ್ನ

ಮಗನಂಥ ಅಮರನಿಗೆ, ಶಿವುನ ಅವ್ವ ಬರೆಯುವುದು.

ನಿನ್ನ ಕೆನ್ನೆ ಈಗ ಹೇಗಿದೆ? ನಿನ್ನೆ ಮೆಟ್ಟಿಲ ಮೇಲೆ ನಿನಗೆ ಹೊಡೆದು ಮನೆಯೊಳಗೆ ಬಂದ ಮೇಲೆ ನನ್ನ ಅಂಗೈ ಉರಿಯುತ್ತಿತ್ತು. ನೀರು ಹಿಡಿದೆ, ಎಣ್ಣೆ ಹಚ್ಚಿದೆ, ಉರಿ ಕಡಿಮೆಯಾಗಲಿಲ್ಲ. ಮದುವೆಯಾಗಿ ಈ ಊರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ಯಾರ ಮೇಲೂ ಕೈ ಎತ್ತಿದವಳಲ್ಲ. ಯಾರನ್ನಾದರೂ ತಡೆಯಲು ಎತ್ತಬೇಕಾದಾಗಲೂ ಎತ್ತಲಿಲ್ಲ. ಕಡೆಗೆ ಎತ್ತಿದ್ದು ನಿನ್ನ ಮೇಲೆ. ತಪ್ಪಾಯಿತಪ್ಪಾ, ಹೊಟ್ಟೆಗೆ ಹಾಕಿಕೋ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಶಿವು ಮನೆ ಬಿಟ್ಟ ದಿನದಿಂದ ನಿಮ್ಮ ಕಾಕಾ, ಅವನ ಅಪ್ಪ, ಪ್ರತಿ ಸಂಜೆ ನನ್ನ ಫೋನು ಇಸಿದುಕೊಂಡು ಒಂದೊಂದೇ ನೋಡುತ್ತಾರೆ. ಅದಕ್ಕೇ ಶಿವುನ ಕೆಮಿಸ್ಟ್ರಿ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು ಬರೆಯುತ್ತಿದ್ದೇನೆ. ಆ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿಗೆ ಬರವಿಲ್ಲ. ನಿಮ್ಮಿಬ್ಬರನ್ನೂ ಊಟದ ಮೇಜಿಗೆ ಕೂರಿಸಿ ಕನ್ನಡ ಅಕ್ಷರ ತಿದ್ದಿಸುವಾಗ, ಮರಾಠಿ ಶಾಲೆಗೆ ಹೋಗುವ ಹುಡುಗರಿಗೆ ಇದೆಲ್ಲ ಯಾಕೆ ಎಂದು ಎಲ್ಲರೂ ನಕ್ಕಿದ್ದರು. ಈಗ ನೋಡು, ಈ ಕಟ್ಟಡದಲ್ಲಿ ಇದನ್ನು ಓದಬಲ್ಲವರು ನಮ್ಮ ಮನೆಯವರನ್ನು ಬಿಟ್ಟರೆ ನೀನೊಬ್ಬನೇ. ಒತ್ತಕ್ಷರ ಬಂದಲ್ಲಿ ಅವಸರ ಮಾಡದೆ ಓದು.

ನಿಮ್ಮ ಕಾಕಾ ಇವತ್ತು ಕುರಕುಂಭದ ಕಾರ್ಖಾನೆಗೆ ಹೋಗಿದ್ದಾರೆ. ಕಂಪನಿ ಬಸ್ಸು ಐದೂವರೆಗೆ ಅವರನ್ನು ಇಲ್ಲಿ ಇಳಿಸುತ್ತದೆ. ಅಷ್ಟರೊಳಗೆ ನಾನು ಒಂದು ತೀರ್ಮಾನಕ್ಕೆ ಬರಬೇಕು. ನಿನ್ನೆ ಅವರು ನಿಮ್ಮಪ್ಪ ಅವ್ವಣ್ಣನನ್ನು ಗೇಟಿನ ಹತ್ತಿರ ನಿಲ್ಲಿಸಿ ಹೇಳಿದ್ದು ನನಗೂ ಕೇಳಿಸಿತು: "ರವಿವಾರ ಸಂಜಿ ಒಳಗ ನಿನ್ನ ಮಗ ಬಾಯಿ ಬಿಡಬೇಕು. ಇಲ್ಲಂದ್ರ ಖೋಲಿ ಖಾಲಿ ಮಾಡ್ರಿ." ಸೊಸೈಟಿಯ ಸೆಕ್ರೆಟರಿ ಅವರು, ವಾಚ್‌ಮನ್‌ನನ್ನು ಇಡುವುದು ಬಿಡುವುದು ಅವರ ಬಾಯಲ್ಲಿದೆ. ಈ ಕಟ್ಟಡಕ್ಕೆ ಉಸುಕು ಹೊತ್ತವನು ನಿಮ್ಮಪ್ಪ, ಇಟ್ಟಿಗೆ ಹೊತ್ತವಳು ನಿಮ್ಮವ್ವ ಯಂಕವ್ವ, ಮೂರನೆಯ ಮಹಡಿಯ ಕಂಬಕ್ಕೆ ಸೀರೆ ಕಟ್ಟಿ ತೂಗಿದ ಕೂಸು ನೀನು. ಅಂಥವರನ್ನು ಪಾರ್ಕಿಂಗ್ ಪಕ್ಕದ ಒಂದು ಖೋಲಿಯಿಂದ ಎಬ್ಬಿಸುತ್ತಾರಂತೆ, ನೀನು ಗೆಳೆಯನಿಗೆ ಕೊಟ್ಟ ಮಾತು ಮುರಿಯಲಿಲ್ಲವೆಂದು.

ಅದಕ್ಕೆ ಅವ್ವಣ್ಣ "ಹೌದ್ರಿ ಸಾಹೇಬ್ರ" ಅಂದ. ನಿನಗೆ ಏನೂ ಹೇಳಲಿಲ್ಲವಂತೆ, ನಿಮ್ಮವ್ವ ಅಳುತ್ತ ನನಗೆ ಹೇಳಿದಳು. ಅವನ ಆ ಸುಮ್ಮನಿರುವಿಕೆಯೇ ನಿನ್ನ ಮೇಲೆ ಎಷ್ಟು ಭಾರವಾಗಿ ಕೂತಿದೆ ಎಂದು ನನಗೆ ಗೊತ್ತು. ನೀನು ಬಾಯಿ ಬಿಟ್ಟರೆ ಶಿವುನ ಪಾಡೇನು, ಬಿಡದಿದ್ದರೆ ನಿಮ್ಮ ಸಂಸಾರದ ಪಾಡೇನು. ಹದಿನೇಳರ ಹುಡುಗನ ತಲೆಯ ಮೇಲೆ ಇಂಥದ್ದನ್ನು ಹೊರಿಸಬಾರದಿತ್ತು.

ಈ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ನಿನಗೆ ಗೊತ್ತಿತ್ತು, ಅದು ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಆದರೂ ಒಂದು ಸಲ ನಾನೇ ಹೇಳಬೇಕು. ಶಿವುನ ಅಪ್ಪ ಸೊಂಟದ ಪಟ್ಟಿ ಬಿಚ್ಚಿದಾಗ ನಾನು ಎದ್ದು ಕಿಟಕಿಗಳನ್ನು ಹಾಕುತ್ತಿದ್ದೆ. ಆಮೇಲೆ ಅಡುಗೆ ಮನೆಗೆ ಹೋಗಿ ಮಿಕ್ಸರ್ ಹಚ್ಚುತ್ತಿದ್ದೆ, ಹೊರಗೆ ಕೇಳಿಸದಿರಲಿ ಎಂದು. ಕೈಗೆ ಸಿಕ್ಕ ಶೇಂಗಾ ಹಾಕಿ ಚಟ್ನಿ ಪುಡಿ ಮಾಡುತ್ತ ನಿಲ್ಲುತ್ತಿದ್ದೆ. ಎದುರು ಮನೆಯ ಶೀತಲ್ ಒಮ್ಮೆ, "ವಹಿನಿ, ಎಷ್ಟು ಚಟ್ನಿ ತಿಂತೀರಿ ನೀವು" ಎಂದು ನಕ್ಕಿದ್ದಳು. ಆ ಚಟ್ನಿಯನ್ನೇ ನಾನು ಡಬ್ಬಿಗೆ ತುಂಬಿ ನಿಮ್ಮ ಮನೆಗೆ ಕಳಿಸುತ್ತಿದ್ದೆ. ಒಂದು ದಿನ ನೀನು ಡಬ್ಬಿ ವಾಪಸು ಕೊಡಲು ಬಂದವನು ನನ್ನ ಮುಖ ನೋಡದೆ, "ಕಾಕು, ಇನ್ನ ಚಟ್ನಿ ಕಳಸಬ್ಯಾಡ್ರಿ, ನನಗ ಗಂಟಲದಾಗ ಇಳಿಯೂದಿಲ್ಲ" ಅಂದೆ. ಹುಡುಗನಿಗೆ ಖಾರ ಜಾಸ್ತಿಯಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯುತ್ತದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಒಂದು ಬೇಲಿ ಮೇಯುತ್ತಿತ್ತು, ಇನ್ನೊಂದು ಕಣ್ಣು ಮುಚ್ಚಿ ನಿಂತಿತ್ತು.

ನೀವಿಬ್ಬರೂ ನನಗೆ ಮಾಡಿದ ಮೋಸದ ಲೆಕ್ಕವನ್ನೂ ಇಲ್ಲೇ ಮುಗಿಸುತ್ತೇನೆ. ಎರಡು ವರ್ಷ, ತಿಂಗಳಿಗೊಂದು ಶನಿವಾರ, ಜೇಜುರಿಗೆ ಹೋಗುತ್ತೇವೆ, ಖಂಡೋಬಾನ ಗುಡ್ಡ ಹತ್ತುತ್ತೇವೆ ಎಂದು ಹೇಳಿ ಹೋಗುತ್ತಿದ್ದಿರಿ. ಮರುದಿನ ಸಂಜೆ ಹಣೆ ತುಂಬ, ಅಂಗಿ ತುಂಬ ಹಳದಿ ಭಂಡಾರ ಬಳಿದುಕೊಂಡು ಬರುತ್ತಿದ್ದಿರಿ. ಮುಖ ಬಿಸಿಲಿಗೆ ಸುಟ್ಟು ಕರಕಲಾಗಿರುತ್ತಿತ್ತು, ಕಣ್ಣು ಮಾತ್ರ ಹೊಳೆಯುತ್ತಿದ್ದವು. ನನ್ನ ಮಗ ದೈವಭಕ್ತನಾದ ಎಂದು ನಾನು ಬೀಗಿದ್ದೇ ಬೀಗಿದ್ದು. ಮನೆದೇವರಿಗೆ ನಡೆದುಕೊಳ್ಳುವ ಹುಡುಗ ಎಂದು ಅವನ ಅಪ್ಪನೂ ಆ ಎರಡು ದಿನ ಏನೂ ಅನ್ನುತ್ತಿರಲಿಲ್ಲ. ಅಂಗಿ ಒಗೆಯುವಾಗ ಭಂಡಾರದ ಜೊತೆ ಬಿಳಿ ಉಪ್ಪಿನ ಕಲೆ, ಜೇಬಿನ ಮೂಲೆಯಲ್ಲಿ ಮರಳು. ಬೆವರು ಹುಡುಗನದು, ಮರಳು ಗುಡ್ಡದ್ದು ಎಂದುಕೊಂಡೆ. ಡಬ್ಬಿಯಲ್ಲಿ ಅರಿಶಿಣ ಇಷ್ಟು ಬೇಗ ಯಾಕೆ ತೀರುತ್ತದೆ ಎಂದು ಕಿರಾಣಿ ಅಂಗಡಿಯವನೊಂದಿಗೆ ಜಗಳವಾಡಿದ್ದೂ ಉಂಟು.

ಪಾರ್ಕಿಂಗ್‌ನಲ್ಲಿ ನೀವು ಸೆಂಟ್ರಿಂಗ್ ಹಲಗೆಯ ಕೆಳಗೆ ನೀರಿನ ಪೈಪಿನ ತುಂಡು ಇಟ್ಟು, ಅದರ ಮೇಲೆ ಕೈ ಚಾಚಿ ಅತ್ತಿತ್ತ ತೂಗಾಡುತ್ತಿದ್ದುದನ್ನು ನಾನು ಮೇಲಿನಿಂದ ಎಷ್ಟು ಸಲ ನೋಡಿಲ್ಲ. ಒಬ್ಬ ಬಿದ್ದರೆ ಇನ್ನೊಬ್ಬ ನಗುತ್ತಿರಲಿಲ್ಲ, ಕೈ ಕೊಟ್ಟು ಎಬ್ಬಿಸುತ್ತಿದ್ದ. ಅದು ಸರ್ಫಿಂಗ್ ಕಲಿಯುವ ರೀತಿ ಎಂದು ನನಗೆ ಹೇಗೆ ಗೊತ್ತಾಗಬೇಕು? ಸಿಂದಗಿಯ ಕಡೆಯವಳು ನಾನು, ಕುಡಿಯುವ ನೀರಿಗೇ ಸರದಿ ಹಚ್ಚಿದ ಊರು. ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವ ಮಕ್ಕಳನ್ನು ಹೆತ್ತವರು ಬೇರೆ ಯಾರೋ ಇರುತ್ತಾರೆ ಎಂದುಕೊಂಡಿದ್ದೆ.

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ದಿನ ಶಿವು ಮೊದಲ ಸಲ ಅಪ್ಪನೆದುರು ನಿಜ ಹೇಳಿದ. ಅಂಕ ಕಡಿಮೆ ಬಂದದ್ದಕ್ಕೆ ಅವರು ಅಷ್ಟಾಗಿ ಬೈಯಲಿಲ್ಲ. ಡಿಪ್ಲೊಮಾಕ್ಕೆ ಹಾಕುತ್ತೇನೆ, ನಮ್ಮ ಕಾರ್ಖಾನೆಯಲ್ಲೇ ಹಚ್ಚಿಸುತ್ತೇನೆ ಅಂದರು. ಆಸಿಡ್ ವಾಸನೆ ಕುಡಿದು ಕುಡಿದು ರಾತ್ರಿಯೆಲ್ಲ ಕೆಮ್ಮುವ ಮನುಷ್ಯ ತನ್ನ ಮಗನಿಗೂ ಅದನ್ನೇ ಬಯಸುವುದು ವಿಚಿತ್ರ. ಆದರೆ ಅವರಿಗೆ ಗೊತ್ತಿರುವ ಭದ್ರ ಜಾಗ ಅದೊಂದೇ. ಆಗ ಶಿವು, "ನಾ ಜೇಜುರಿಗೆ ಹೋಗ್ತಿದ್ದಿಲ್ಲ ಅಪ್ಪಾ. ಸಮುದ್ರಕ್ಕ ಹೋಗ್ತಿದ್ದೆ. ನನಗ ಅಲ್ಲೇ ಇರೂದದ" ಅಂದ. ಆ ದಿನ ಬೆಲ್ಟು ಬೀಸಿದ್ದು ಬಕ್ಕಲ್ಲಿನ ತುದಿಯಿಂದ. ನಾನು ಮಿಕ್ಸರ್ ಹಚ್ಚಿದೆ. ಎರಡು ವರ್ಷ ಹೇಳಿದ ಸುಳ್ಳಿಗೆ ಪೆಟ್ಟು ಬೀಳಲಿಲ್ಲ, ನಿಜ ಹೇಳಿದ್ದಕ್ಕೆ ಬಿತ್ತು. ಮರುದಿನ ಬೆಳಿಗ್ಗೆ ಹಾಸಿಗೆ ಖಾಲಿ ಇತ್ತು.

ಪೊಲೀಸರಿಗೆ ಹೇಳೋಣ ಅಂದೆ. ಮಾನ ಹೋಗುತ್ತದೆ ಅಂದರು. ಕೇಳಿದವರಿಗೆಲ್ಲ, ಶಿರೂರಿನಲ್ಲಿ ನಮ್ಮ ಸೋದರಮಾವನ ಮನೆಗೆ ಹೋಗಿದ್ದಾನೆ ಎಂದು ಹೇಳಿಸಿದರು. ಅವರೇ ಕಳೆದ ರವಿವಾರ ಕೊಂಕಣದ ಎರಡು ಕಡಲತೀರ ಅಲೆದು ಬರಿಗೈಯಲ್ಲಿ ಬಂದರು. ನಾನು ಬೆಳಗಾದರೆ ಪೇಪರ್ ತೆಗೆದು, ಎಲ್ಲಿಯಾದರೂ ಗುರುತು ಸಿಗದ ಹೆಣ ಸಿಕ್ಕಿತೇ ಎಂದು ಒಳಪುಟದ ಸಣ್ಣ ಅಕ್ಷರ ಓದುತ್ತಿದ್ದೆ. ದಿನಾ ಗೇಟಿಗೆ ಬಂದು ನಿನ್ನನ್ನು ಕೇಳುತ್ತಿದ್ದೆ. ದಿನಾ ನೀನು ನೀರಿನ ಟಾಕಿಯ ಕಡೆ ನೋಡುತ್ತ "ಗೊತ್ತಿಲ್ರಿ ಕಾಕು" ಅನ್ನುತ್ತಿದ್ದೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಅಮರ. ಜೇಜುರಿಯ ಸುಳ್ಳನ್ನೆಲ್ಲ ಹೇಳುತ್ತಿದ್ದವನು ಶಿವು, ನೀನು ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದೆ ಅಷ್ಟೆ. ನಿಮ್ಮವ್ವ ಬಂದು, "ಅಕ್ಕಾರ, ಹುಡುಗ ಹತ್ತು ದಿನ ಆತು, ತತ್ತಿ ಮುಟ್ಟವಲ್ಲ, ಮೀನ ಮುಟ್ಟವಲ್ಲ, ಏನ್ ಹಿಡದದೋ ಏನೋ" ಎಂದಾಗಲೂ ಗೆಳೆಯ ಹೋದ ದುಃಖ ಇರಬೇಕು ಎಂದುಕೊಂಡೆ.

ನಿನ್ನೆ ನೀನು ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ನಾನು ಕೆಳಗಿಳಿಯುತ್ತ, "ಖರೇ ಹೇಳೋ, ಶಿವು ನಿನಗೇನೂ ಕೊಟ್ಟು ಹೋಗಿಲ್ಲೇನು?" ಎಂದು ಸುಮ್ಮನೆ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಿನ್ನ ಕೈ ಕಾಲರಿಗೆ ಹೋಯಿತು. ಅಲ್ಲಿ ಬಿಳಿ ದಾರ ಕಂಡಿತು. ಅದು ನಾನೇ ಹೊಸೆದ ಶಿವದಾರ, ಎರಡು ಕಡೆ ಗಂಟು ಹಾಕಿದ್ದು. ಅದರ ತುದಿಯಲ್ಲಿ ನನ್ನ ಮಗನ ಇಷ್ಟಲಿಂಗದ ಬೆಳ್ಳಿ ಕರಡಿಗೆ.

ನಿನಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ನಮ್ಮಲ್ಲಿ ಲಿಂಗ ಮೈಮೇಲಿನಿಂದ ಅಗಲಬಾರದು. ಕೂಸು ಹುಟ್ಟಿದಾಗ ಕಟ್ಟುತ್ತಾರೆ, ಮಣ್ಣಿಗೆ ಹೋಗುವಾಗಲೂ ಅದು ಜೊತೆಗೇ ಹೋಗಬೇಕು. ಅದು ಬೇರೆಯವರ ಕೊರಳಲ್ಲಿ ಕಂಡರೆ ತಾಯಿಯಾದವಳಿಗೆ ಬರುವ ಯೋಚನೆ ಒಂದೇ. ಆ ಗಳಿಗೆಯಲ್ಲಿ ನನ್ನ ಪಾಲಿಗೆ ಶಿವು ಇರಲಿಲ್ಲ. ಸಮುದ್ರ ಅವನನ್ನು ಎಳೆದುಕೊಂಡಿದೆ, ನೀನು ಅದನ್ನು ಮುಚ್ಚಿಟ್ಟು ತಿರುಗುತ್ತಿದ್ದೀಯ ಎಂದೇ ತಿಳಿದು ಹೊಡೆದೆ. ಎಷ್ಟು ಹೊಡೆದೆನೋ ನೆನಪಿಲ್ಲ. ನೀನು ಸಿಲಿಂಡರ್ ಇಳಿಸಿ, ಎರಡೂ ಕೈಯಿಂದ ಎದೆಯ ಮೇಲಿನ ಕರಡಿಗೆ ಮುಚ್ಚಿಕೊಂಡು ನಿಂತೆ. "ಹೊಡೀರಿ ಕಾಕು, ಆದ್ರ ಇದಕ್ಕ ಪೆಟ್ಟು ಹತ್ತಬಾರ್ದು. ಅವ ಜೀವಂತ ಅದಾನ್ರಿ. ಮುಂಜಾನಿನೂ ಮಾತಾಡ್ಯಾನ" ಅಂದೆ.

ಆಮೇಲೆ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ನೀನು ಹೇಳಿದ್ದರಲ್ಲಿ ಒಂದು ಮಾತೂ ನಾನು ಮರೆತಿಲ್ಲ. ನೀರಿಗಿಳಿಯುವಾಗಲೆಲ್ಲ, ಅಲೆ ಎಳೆದುಕೊಂಡು ಹೋದೀತೆಂದು ಶಿವು ಕರಡಿಗೆ ತೆಗೆದು ನಿನ್ನ ಕೊರಳಿಗೆ ಹಾಕುತ್ತಿದ್ದನಂತೆ. ಅವನು ನೀರಿನಲ್ಲಿರುವಷ್ಟು ಹೊತ್ತು ದಡದಲ್ಲಿ ನಿಂತ ನೀನು ಅವನ ಮೇಲಿಂದ ಕಣ್ಣು ತೆಗೆಯಬಾರದು, ಅದು ನಿಮಗೆ ಸರ್ಫಿಂಗ್ ಕಲಿಸುವ ಹರ್ಷದಾ ಅಕ್ಕನ ಕಟ್ಟಳೆಯಂತೆ. ಮನೆ ಬಿಟ್ಟ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ, "ಇನ್ನ ನಾ ದಿನಾ ನೀರಾಗ ಇರಾಂವ, ಇದು ನಿನ್ನ ಕಡೆನೇ ಇರಲಿ. ಅವ್ವನ ಕೈಯಾಗ ಕೊಡಬ್ಯಾಡ, ಆಕಿ ಬ್ಯಾರೇನ ತಿಳಕೋತಾಳ" ಅಂದನಂತೆ. ಹುಚ್ಚಪ್ಪ, ಕೊಡದಿದ್ದರೂ ನಾನು ಬೇರೆಯೇ ತಿಳಿದುಕೊಂಡೆ. ನಮ್ಮ ಅತ್ತೆ ಬದುಕಿದ್ದಿದ್ದರೆ, ಬೇರೆ ಕುಲದವನ ಕೊರಳಲ್ಲಿ ಲಿಂಗ ಎಂದು ಮನೆ ತಲೆಕೆಳಗಾಗುತ್ತಿತ್ತು. ನಾನು ಕೇಳಿದ್ದು, ತತ್ತಿ ಯಾಕೆ ಬಿಟ್ಟೆ ಎಂದು. "ಇದು ಮೈಮ್ಯಾಲಿದ್ದಾಗ ಹೆಂಗ್ ತಿನ್ಲಿ ಕಾಕು" ಅಂದೆ ನೀನು. ನಮ್ಮ ಕುಲದಲ್ಲಿ ಹುಟ್ಟಿದವರೇ ಅದನ್ನು ಗೂಟಕ್ಕೆ ತೂಗುಹಾಕಿ ಮರೆತಿರುತ್ತಾರೆ.

ಊರು ಯಾವುದೆಂದು ಮಾತ್ರ ನೀನು ಹೇಳಲಿಲ್ಲ, ಆಣೆ ಮಾಡಿದ್ದೇನೆ ಅಂದೆ. ಅವನು ಹರ್ಷದಾಳ ಸರ್ಫಿಂಗ್ ಶಾಲೆಯಲ್ಲಿ ಹಲಗೆ ಹೊರುತ್ತಾನೆ, ಸಣ್ಣ ಮಕ್ಕಳಿಗೆ ಹೇಳಿಕೊಡುತ್ತಾನೆ, ಊಟಕ್ಕೆ ಕೊರತೆಯಿಲ್ಲ, ಮನೆಗೆ ಫೋನು ಮಾಡೆಂದು ಹರ್ಷದಾ ದಿನಾ ಬೈಯುತ್ತಾಳೆ ಎಂದೆ. ಬೆನ್ನಿನ ಗಾಯಕ್ಕೆ ಉಪ್ಪುನೀರು ತಾಗಿದರೆ ಉರಿಯುತ್ತದಂತೆ, ಆದರೂ ಇಳಿಯುತ್ತಾನಂತೆ. ಅದನ್ನು ನೀನು ಹೇಳಬಾರದಿತ್ತು, ಅಥವಾ ಹೇಳಿದ್ದೇ ಒಳ್ಳೆಯದಾಯಿತು. ರಾತ್ರಿಯೆಲ್ಲ ನನಗೆ ಅದೇ. ಕಣ್ಣು ಮುಚ್ಚಿದರೆ ಅವನು ನೀರಿನಲ್ಲಿ, ದಡದಲ್ಲಿ ಯಾರೂ ಇಲ್ಲ. ನೀನು ಇಲ್ಲಿ ಸಿಲಿಂಡರ್ ಹೊರುತ್ತಿದ್ದೀಯ. ಅಲ್ಲಿ ಅವನನ್ನು ನೋಡುವವರು ಯಾರು?

ಈಗ ಕೆಲಸದ ಮಾತು. ನೀನು ನಾಳೆ ಬಾಯಿ ಬಿಡಬೇಡ. ನಿಮ್ಮಪ್ಪ ಗಂಟುಮೂಟೆ ಕಟ್ಟುವುದೂ ಬೇಡ. ಶಿವುನನ್ನು ಬಸ್ಸಿಗೆ ಹತ್ತಿಸಿದ್ದು ನಾನೇ ಎಂದು ಇವತ್ತು ಅವರು ಬಂದ ಕೂಡಲೇ ಹೇಳುತ್ತೇನೆ. ಅಮರನಿಗೆ ಏನೂ ಗೊತ್ತಿಲ್ಲ, ಎಲ್ಲ ನನ್ನ ಕೆಲಸ ಎನ್ನುತ್ತೇನೆ. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ನಾನು ಹೇಳುವ ಮೊದಲ ದೊಡ್ಡ ಸುಳ್ಳು ಇದು. ಮೂರು ಸಲ ನೀರು ಕುಡಿದೆ, ಎರಡು ಸಲ ದೇವರ ಮುಂದೆ ನಿಂತೆ. ಗಡಿಯಾರ ನೋಡುವುದು ಬೇಡವೆಂದು ಅದಕ್ಕೆ ಬೆನ್ನು ಹಾಕಿ ಕೂತಿದ್ದೇನೆ. ಕೆಳಗೆ ಯಾವುದೋ ಬಸ್ಸಿನ ಬ್ರೇಕು ಕೇಳಿಸಿತು. ಅವರದಲ್ಲ. ಅಲ್ಲ, ಅವರದೇ.

ಅದೇ ದಿನ, ಸಂಜೆ ಏಳೂವರೆ

ಅಮರ, ಹೇಳಿದೆ.

ಅವರು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಧೈರ್ಯ ಇಳಿದು ಹೋಗುತ್ತಿತ್ತು. "ಶಿವುನ ಕಳಿಸಿದಾಕಿ ನಾನು. ಬಸ್ಸಿಗೆ ಹತ್ತಿಸಿದಾಕಿನೂ ನಾನು. ಎಲ್ಲಿ ಅಂತ ಹೇಳೂದಿಲ್ರಿ. ಅವ್ವಣ್ಣನ ಮನಿಯವರನ್ನ ಎಬ್ಬಿಸಿದ್ರ ನಾನೂ ಅವರ ಹಿಂದ ಹೊಂಟೆ" ಅಂದೆ. ಕೊನೆಯ ಮಾತು ನಾನು ಯೋಚಿಸಿಟ್ಟದ್ದಲ್ಲ, ತಾನೇ ಬಂತು. ಬಂದ ಮೇಲೆ ಅದು ಸುಳ್ಳಲ್ಲ ಎಂದು ಗೊತ್ತಾಯಿತು.

ಅವರು ಊಟದ ಡಬ್ಬಿ ಎತ್ತಿ ಗೋಡೆಗೆ ಒಗೆದರು. ಆಡಬಾರದ್ದನ್ನೆಲ್ಲ ಆಡಿದರು, ನನ್ನ ತವರಿನವರನ್ನೂ ಬಿಡಲಿಲ್ಲ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದರೆ ಹಳೆಯ ಚಾಳಿ ಎಲ್ಲಿಗೆ ಒಯ್ಯುತ್ತದೋ ಎಂದು ಹೆದರಿ ಕುರ್ಚಿಯ ತೋಳು ಬಿಗಿಯಾಗಿ ಹಿಡಿದುಕೊಂಡೆ. ಶೀತಲ್ ಬಾಗಿಲು ತೆಗೆದು ಇಣುಕಿದಳು. ಇಣುಕಲಿ ಬಿಡು.

ಕೂಗಿ ಕೂಗಿ ಕೆಮ್ಮು ಬಂತು. ಅವರು ಗೋಡೆಗೆ ಒರಗಿ ಕೂತರು. ಆಮೇಲೆ ತಲೆ ತಗ್ಗಿಸಿಕೊಂಡೇ ಒಂದು ಮಾತು ಕೇಳಿದರು: "ಅವಗ ಈಸಾಕ ಬರ್ತದೇನು?"

ಹದಿನೇಳು ವರ್ಷ ಸಾಕಿದ ಮಗ. ಅವನ ಅಂಕ ಗೊತ್ತು, ಬೂಟಿನ ಸೈಜು ಗೊತ್ತು, ಬೆನ್ನಿನ ಯಾವ ಜಾಗಕ್ಕೆ ಹೊಡೆದರೆ ಕೂಗುತ್ತಾನೆಂದೂ ಗೊತ್ತು. ಅವನಿಗೆ ಈಜು ಬರುತ್ತದೋ ಇಲ್ಲವೋ ಎಂಬುದು ಗೊತ್ತಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. "ಬರ್ತದ್ರಿ" ಅಂದೆ. "ಎಂಟನೇ ಕ್ಲಾಸಿನ್ಯಾಗ ಇದ್ದಾಗ ಸೂಟಿಗೆ ಅವ್ವಣ್ಣನ ಊರಿಗೆ ಹೋಗಿದ್ದನಲ್ರಿ. ಅಲ್ಲಿ ಬಾವ್ಯಾಗ, ಸೊಂಟಕ್ಕ ಹಗ್ಗ ಕಟ್ಟಿ, ಅಮರ ಕಲಿಸ್ಯಾನ."

ಅವರು ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೆಳಗೆ ಹೋದರು. ಗ್ಯಾಲರಿಯಿಂದ ಬಗ್ಗಿ ನೋಡಿದೆ. ನಿಮ್ಮಪ್ಪ ಗೇಟಿನ ಹತ್ತಿರ ಎದ್ದು ನಿಂತ. ಇವರು ಅವನ ಪಕ್ಕದ ಕಟ್ಟೆಯ ಮೇಲೆ ಕೂತರು, ಅವನನ್ನೂ ಕೂರಲು ಹೇಳಿದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ, ನೀನೇ ನಿಮ್ಮಪ್ಪನನ್ನು ಕೇಳಿ ತಿಳಿದುಕೋ. ಮೇಲೆ ಬಂದವರು, "ನಾಳಿ ಅವರೆಲ್ಲಿಗೂ ಹೋಗೂದಿಲ್ಲ" ಎಂದಷ್ಟೇ ಹೇಳಿ ಒಳಗೆ ಮಲಗಿದ್ದಾರೆ.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ನಾನು ತಿಳಿಯುವುದಿಲ್ಲ, ನೀನೂ ತಿಳಿಯಬೇಡ. ಒಂದು ಸಂಜೆಯ ಮೆತ್ತಗಿನ ಮಾತಿಗೆ ಮರುಳಾಗುವ ವಯಸ್ಸು ನನ್ನದಲ್ಲ. ನಾಳೆ ಇದೇ ಮನುಷ್ಯ ಮತ್ತೆ ಹೇಗೆ ಏಳುತ್ತಾರೋ ನನಗೆ ಗೊತ್ತಿಲ್ಲ. ಅದಕ್ಕೇ ಶಿವುಗೆ ನನ್ನ ಮಾತು ಹೀಗೆ ಮುಟ್ಟಿಸು. ಇನ್ನು ಹತ್ತು ಹನ್ನೆರಡು ದಿನಕ್ಕೆ ಮಳೆ ಹಿಡಿಯುತ್ತದೆ, ಸಮುದ್ರಕ್ಕೆ ಇಳಿಯಲು ಬಿಡುವುದಿಲ್ಲ, ಶಾಲೆ ಮುಚ್ಚುತ್ತಾರೆ ಎಂದು ನೀನೇ ಹೇಳಿದೆ. ಆಗ ಅವನು ಕೊಲ್ಹಾಪುರದ ನನ್ನ ತಂಗಿ ಸುರಭಿಯ ಮನೆಗೆ ಹೋಗಲಿ. ಶೀತಲ್‌ಳ ಫೋನಿನಿಂದ ಅವಳೊಂದಿಗೆ ಮಾತಾಡಿದ್ದೇನೆ. ಅವಳು ಏನೂ ಕೇಳುವುದಿಲ್ಲ, ಬೆನ್ನಿಗೆ ಔಷಧ ಹಚ್ಚುತ್ತಾಳೆ, ಹೊಟ್ಟೆ ತುಂಬ ಉಣ್ಣಿಸುತ್ತಾಳೆ.

ಎಲ್ಲ ತಾಯಂದಿರೂ ಇಂಥ ಕಾಗದದ ಕೊನೆಗೆ, ಎಲ್ಲಿದ್ದರೂ ಬಾ ಮಗನೇ ಎಂದು ಬರೆಯುತ್ತಾರೆ. ಹನ್ನೆರಡು ದಿನದಿಂದ ನನ್ನ ಬಾಯಲ್ಲೂ ಅದೊಂದೇ ಮಾತಿದೆ, ಊಟಕ್ಕೆ ಕೂತರೂ ಅದೇ, ಬಾಗಿಲ ಸಪ್ಪಳವಾದರೂ ಅದೇ. ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವ್ವ ಕರೆದಳೆಂದು ಹೇಳಬೇಡ, ಅವ್ವ ಅಳುತ್ತಾಳೆಂದೂ ಹೇಳಬೇಡ, ಓಡಿ ಬಂದುಬಿಡುತ್ತಾನೆ. ಈ ಮನೆ ಅವನು ಕಾಲಿಡುವ ಹಾಗೆ ಆಗುವವರೆಗೆ ಬರಬಾರದೆಂದು ಹೇಳಿದ್ದಾಳೆ ಅನ್ನು. ಗಟ್ಟಿಯಾಗಿ ಹೇಳು, ನಾನೇ ಹೇಳಿದ ಹಾಗೆ.

ಓದಿದ ಮೇಲೆ ಹರಿದು ಹಾಕು. ನಿನ್ನನ್ನು ಹೆತ್ತವರ ಹೊಟ್ಟೆ ತಣ್ಣಗಿರಲಿ, ನಿನ್ನ ಬೆನ್ನಿಗೂ ಒಬ್ಬರು ಯಾವಾಗಲೂ ಇರಲಿ.

ಇಬ್ಬರು ಮಕ್ಕಳ ತಾಯಿ,
ರೇಣು ಕಾಕು